ಬಾಗಿಲ ಸಂದಿನ ಚಳಿ

ಮೊನ್ನೆ ಕರೆಂಟಿನ ಮೀಟರ್ ನೋಡಲು ಬಂದವರು ನಮ್ಮ ಸಿಟೌಟಿನಲ್ಲಿ ನಿಂತಿದ್ದರು. ಬಿಲ್ಲು ಯಂತ್ರದಿಂದ ಹೊರಗೆ ಬರುವಷ್ಟರಲ್ಲಿ ಅವರ ಕಣ್ಣು ಪಕ್ಕದ ಕೋಣೆಯ ಕಿಟಕಿಯ ಮೇಲೆ ಬಿತ್ತು. ದಾರಂದಕ್ಕೂ ಕದಕ್ಕೂ ನಡುವಿನಿಂದ ಗುಲಾಬಿ ಬಣ್ಣದ ಮೆತ್ತನೆಯ ರೋಮ ಇಣುಕುತ್ತಿತ್ತು.

"ಎಂತ ಮಾಷ್ಟ್ರೇ ಅದು, ಇಲಿ ಗೂಡು ಕಟ್ಟಿದ್ದಾ?" ಎಂದು ಕೇಳಿದರು.

"ಅಲ್ಲ, ಚಳಿಗೆ ಹಾಕಿದ್ದು" ಎಂದೆ.

"ಮಂಗಳೂರಲ್ಲಿ ಎಂತದು ಚಳಿ?"

ಅವರಿಗೆ ಇನ್ನೂ ಹತ್ತಾರು ಮನೆ ಬಾಕಿ ಇದ್ದವು. ಉತ್ತರಕ್ಕೆ ಕಾಯದೆ ಹೊರಟರು. ನನಗೋ, ಉತ್ತರ ಕೊಡದೆ ಬಿಟ್ಟ ಪ್ರಶ್ನೆ ಊಟ ಮಾಡುವಾಗಲೂ ಎದುರಿಗೆ ಬಂದು ಕುಳಿತುಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದವನ ಚಾಳಿ ಇದು. ಆದ್ದರಿಂದ ಅವರಿಗೆ ಹೇಳಬೇಕಾಗಿದ್ದದ್ದನ್ನು ನಿಮಗೆ ಹೇಳುತ್ತಿದ್ದೇನೆ. ನಿಮಗೂ ಬೇರೆ ಮನೆಗಳು ಬಾಕಿ ಇದ್ದರೆ ನನ್ನ ಅಭ್ಯಂತರವಿಲ್ಲ.

ನಮ್ಮೂರಿನಲ್ಲಿ ಚಳಿ ಇಲ್ಲ ಎನ್ನುವವರು ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದವರಲ್ಲ. ಹಗಲಿಡೀ ಕಡಲ ಕಡೆಯಿಂದ ಬೀಸುವ ಗಾಳಿ ಆ ಹೊತ್ತಿನಲ್ಲಿ ದಿಕ್ಕು ಬದಲಿಸಿ ಮೂಡಣದಿಂದ ಬರುತ್ತದೆ. ಒಣ ಗಾಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲಿರುವ ನನ್ನ ಷಡ್ಡಕ ಒಮ್ಮೆ ಆ ದಿನಗಳಲ್ಲಿ ನಮ್ಮಲ್ಲಿಗೆ ಬಂದಿದ್ದ. ನಾನು ಮಂಕಿಕ್ಯಾಪು ಹಾಕಿಕೊಂಡು ಹಾಲು ತರಲು ಹೊರಟದ್ದನ್ನು ಕಂಡು ಬನಿಯನ್ನಿನಲ್ಲೇ ಗೇಟಿನವರೆಗೆ ಬಂದು ನಕ್ಕ. ನಗಲಿ. ಅವನಿಗೆ ಅಭ್ಯಾಸವಿದೆ, ನಮಗಿಲ್ಲ. ವರ್ಷದ ಹನ್ನೊಂದು ತಿಂಗಳು ಬೆವರುವ ಮೈಗೆ ಆ ಇಪ್ಪತ್ತು ಮೂವತ್ತು ಬೆಳಗುಗಳು ಚಳಿಯೇ.

ಕಷ್ಟವೆಂದರೆ ನಮ್ಮ ಮನೆಗಳನ್ನು ಕಟ್ಟಿದ್ದೇ ಗಾಳಿ ಬರಲೆಂದು. ಕಾವೂರಿನಲ್ಲಿ ಈ ಮನೆ ಕಟ್ಟಿಸುವಾಗ ನಾನೇ ಮೇಸ್ತ್ರಿಯ ಬೆನ್ನು ಹತ್ತಿ ಕೋಣೆಗೆ ಎರಡೆರಡು ಕಿಟಕಿ, ಅದರ ಮೇಲೆ ವೆಂಟಿಲೇಟರು, ಅಡುಗೆಮನೆಗೆ ಸಿಮೆಂಟಿನ ಜಾಲಿ, ಎಲ್ಲ ಇಡಿಸಿದ್ದೆ. ಗಾಳಿ ಬರುವ ದಾರಿಯನ್ನು ಕಾಗದದಲ್ಲಿ ಬಾಣದ ಗುರುತು ಹಾಕಿ ತೋರಿಸಿದ್ದೆ. ಇಂಥ ಮನೆಗೆ ಒಂದು ದಿನ ಗಾಳಿ ಬಾರದಂತೆ ಮಾಡಬೇಕಾದೀತು ಎಂದು ನನಗೆ ಹೊಳೆದಿರಲಿಲ್ಲ.

ಚಿಕ್ಕಂದಿನಲ್ಲಿ ನಾವು ಪಡೀಲಿನಲ್ಲಿದ್ದೆವು. ಅಲ್ಲಿಯ ಮನೆಯ ಕಿಟಕಿಗಳಿಗೆ ಮರದ ಸರಳು ಮಾತ್ರ, ಕದ ಇರಲಿಲ್ಲ. ಚಳಿ ಬಂತೆಂದರೆ ಅಜ್ಜಿ ಗೋಣಿಚೀಲ ಬಿಚ್ಚಿ ಸರಳಿಗೆ ಕಟ್ಟುತ್ತಿದ್ದರು, ಅಷ್ಟೇ. ನಾವು ಮಕ್ಕಳು ಎದ್ದ ಕೂಡಲೇ ಬಚ್ಚಲಿನ ಒಲೆಯ ಮುಂದೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದೆವು. ಮುಂದಿನ ಅರ್ಧ ಬಿಸಿ, ಹಿಂದಿನ ಅರ್ಧ ತಣ್ಣಗೆ. ಸ್ವಲ್ಪ ಹೊತ್ತಿಗೆ ತಿರುಗಿ ಕೂರುವುದು. ತಮ್ಮ ಹುಟ್ಟಿದ ವರ್ಷ ಮಾತ್ರ ಒಂದು ಕೋಣೆಯನ್ನು ಅಜ್ಜಿ ಪೂರ್ತಿ ಮುಚ್ಚಿಸಿದರು. ಕಿಟಕಿಗೆ ಗೋಣಿ, ಗೋಣಿಯ ಮೇಲೆ ಚಾಪೆ, ಬಾಗಿಲಿನ ಅಡಿಗೆ ಸುರುಳಿ ಸುತ್ತಿದ ಕಂಬಳಿ. ಒಳಗೆ ಅಮ್ಮ, ಅರಸಿನ ಮತ್ತು ಬೆಳ್ಳುಳ್ಳಿಯ ವಾಸನೆ, ಕತ್ತಲೆ. ತಮ್ಮನನ್ನು ನೋಡಬೇಕೆಂದು ನಾನು ಬಾಗಿಲನ್ನು ಒಂದು ಬೆರಳಿನಷ್ಟು ತೆರೆದರೂ ಸಾಕು, ಅಜ್ಜಿ ಮನೆಯ ಯಾವ ಮೂಲೆಯಲ್ಲಿದ್ದರೂ "ಗಾಳಿ, ಗಾಳಿ" ಎಂದು ಕೂಗುತ್ತಿದ್ದರು. ಗಾಳಿ ಎಂಬ ಹೆಸರಿನ ಯಾರೋ ಒಬ್ಬ ಹಲಸಿನ ಮರದ ಹಿಂದೆ ನಿಂತು ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದಾನೆ ಎಂದು ನಾನು ಬಹಳ ದಿನ ನಂಬಿದ್ದೆ. ಅವನಿಗೆ ಮೀಸೆಯನ್ನೂ ಕೊಟ್ಟಿದ್ದೆ.

ಆ ಅಜ್ಜಿಯ ಕಲೆಯೆಲ್ಲ ನನ್ನ ಅಕ್ಕ ಗಿರಿಜಕ್ಕನಿಗೆ ಬಂದಿದೆ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು, ಈಗಲೂ ಪಡೀಲಿನಲ್ಲಿ ಮಗನ ಜೊತೆ ಇದ್ದಾಳೆ. ನಮ್ಮ ಕುಟುಂಬದಲ್ಲಿ ಯಾರ ಬಾಣಂತನವೇ ಇರಲಿ, ಎಣ್ಣೆ ಹಚ್ಚಿ ನೀರು ಹಾಕುವುದಕ್ಕೆ ಗಿರಿಜಕ್ಕನೇ ಬೇಕು. ಅವಳ ಮಾತಿಗೆ ಎದುರಾಡುವವರು ಕಡಿಮೆ. ನಾನಂತೂ ಅಲ್ಲ.

ಇನ್ನು ತಪ್ಪೊಪ್ಪಿಗೆಗೆ ಬರುತ್ತೇನೆ. ಎರಡು ವರ್ಷದ ಹಿಂದಿನ ಜುಲೈ ತಿಂಗಳು. ಮಳೆ ಬಿಡದೆ ಹೊಯ್ದು ಮನೆಯ ಬಾಗಿಲುಗಳೆಲ್ಲ ಉಬ್ಬಿ ಕುಳಿತಿದ್ದವು. ಇದು ಪ್ರತಿ ವರ್ಷದ ಕಥೆ. ನನ್ನ ಹೆಂಡತಿ ವಾರಿಜಾ ಇದ್ದಾಗ ಮೇಣದ ಬತ್ತಿಯ ತುಂಡನ್ನು ಬಾಗಿಲಿನ ಅಂಚಿಗೆ ಉಜ್ಜಿ ಹೇಗೋ ಸುಧಾರಿಸುತ್ತಿದ್ದಳು. ನಾನು ಗೊಣಗಿದರೆ, "ದೀಪಾವಳಿಗೆ ಅದೇ ಸರಿ ಆಗ್ತದೆ, ನೀವು ಸುಮ್ಮನೆ ಇರಿ" ಎನ್ನುತ್ತಿದ್ದಳು. ಆಕೆ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಸುಮ್ಮನೆ ಇರಿ ಎನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಭುಜ ಕೊಟ್ಟು ಕೊಟ್ಟು ಭುಜ ನೋಯುತ್ತಿತ್ತು. ಲೋಕಯ್ಯ ಆಚಾರಿಯನ್ನು ಕರೆಸಿದೆ. ಈ ಬಾಗಿಲು ಕಿಟಕಿಗಳನ್ನೆಲ್ಲ ಮಾಡಿ ಕೊಟ್ಟವರು ಅವರೇ.

ಅವರು ಕೊಡೆ ಮಡಚಿ ಬಾಗಿಲನ್ನು ಎರಡು ಸಲ ಹಾಕಿ ತೆಗೆದು, ಅಂಚಿನ ಮೇಲೆ ಬೆರಳು ಆಡಿಸಿ, "ಈಗ ಮುಟ್ಟುದು ಬೇಡ ಮಾಷ್ಟ್ರೇ, ಇದು ನೀರು ಕುಡಿದ ಮರ. ಜನವರಿಯಲ್ಲಿ ಬರ್ತೇನೆ, ಆಗ ನೋಡುವ" ಎಂದು ಚಹಾ ಕುಡಿದು ಹೋದರು.

ಜನವರಿಯವರೆಗೆ ಯಾರು ಕಾಯುತ್ತಾರೆ? ಮರುದಿನವೇ ಕಾವೂರಿನ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಕೀಸುಳಿ ತಂದೆ. ಮೊದಲು ಮಲಗುವ ಕೋಣೆಯ ಬಾಗಿಲು ಕೀಸಿದೆ. ಸುರುಳಿ ಸುರುಳಿಯಾಗಿ ಮರದ ಹೊಟ್ಟು ಬಿತ್ತು. ಬಾಗಿಲು ಒಂದು ಬೆರಳಿನಲ್ಲಿ ತಳ್ಳಿದರೆ ಮುಚ್ಚುವಂತಾಯಿತು. ಆ ಖುಷಿಯನ್ನು ಹೇಗೆ ವರ್ಣಿಸಲಿ? ನಿವೃತ್ತನಾದ ಮೇಲೆ ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಬೇಗ ಫಲ ಸಿಕ್ಕಿರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೀಸುಳಿ ಕೈಯಲ್ಲಿರುವವನಿಗೆ ಎಲ್ಲ ಬಾಗಿಲೂ ಬಿಗಿಯಾಗಿಯೇ ಕಾಣುತ್ತವೆ. ಮೂರು ದಿನದಲ್ಲಿ ನಾಲ್ಕು ಬಾಗಿಲು, ಏಳು ಕಿಟಕಿಗಳನ್ನು ಸರಿಮಾಡಿದೆ. ಮಗಳು ಸುಮಾಳಿಗೆ ಫೋಟೋ ತೆಗೆದು ಕಳಿಸಿದೆ. ಅವಳು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದಳು.

ಮಳೆ ನಿಂತಿತು. ಮರ ಒಣಗಲು ತೊಡಗಿತು. ದೀಪಾವಳಿಯ ಹೊತ್ತಿಗೆ, ವಾರಿಜಾ ಹೇಳುತ್ತಿದ್ದಂತೆಯೇ, ಎಲ್ಲ ಅದರಷ್ಟಕ್ಕೆ ಸರಿಯಾಯಿತು. ಆದರೆ ನಾನು ಅಷ್ಟರಲ್ಲಿ ಒಮ್ಮೆ ಸರಿಮಾಡಿಬಿಟ್ಟಿದ್ದೆನಲ್ಲ. ಕೋಣೆಯ ಬಾಗಿಲು ಹಾಕಿ ಒಳಗೆ ಕುಳಿತರೆ ಹಾಲಿನ ಟೀವಿ ಅರ್ಧ ಕಾಣುತ್ತಿತ್ತು.

ಸುಮಾ ನಮ್ಮ ಒಬ್ಬಳೇ ಮಗಳು. ತೊಕ್ಕೊಟ್ಟಿಗೆ ಕೊಟ್ಟಿದ್ದೇವೆ. ಅಳಿಯ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾನೆ, ಅವಳು ಅತ್ತೆ ಮಾವನ ಜೊತೆ ಇದ್ದಳು. ಆ ಅಕ್ಟೋಬರಿನಲ್ಲಿ ಅವಳ ಸೀಮಂತವಾಯಿತು. ಹೆರಿಗೆಗೆ ಡಿಸೆಂಬರ್ ನಡುವಿನ ತಾರೀಕು ಹೇಳಿದ್ದರು. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಿ ಎಂಬುದು ನಮ್ಮಲ್ಲಿ ಯಾರೂ ಕೇಳದೆ ನಡೆಯುವ ಸಂಗತಿ. ಆದರೆ ಸೀಮಂತದ ಊಟವಾದ ಮೇಲೆ ಬೀಗಿತ್ತಿ ಶಾರದಕ್ಕ ನನ್ನ ಹತ್ತಿರ ಬಂದು ಕುಳಿತರು. ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ.

"ಭಾವ, ನೀವು ಒಬ್ಬರೇ ಇರುದು. ನಮ್ಮ ಮೇಲಿನ ಕೋಣೆಗೆ ಮೊನ್ನೆ ಅಲ್ಯೂಮಿನಿಯಂ ಕಿಟಕಿ ಹಾಕ್ಸಿದ್ದೇವೆ. ಒಂದು ಚೂರು ಗಾಳಿ ಬರುದಿಲ್ಲ. ಅವಳು ಇಲ್ಲೇ ಇರ್ಲಿ, ನಾನು ನೋಡಿಕೊಳ್ತೇನೆ" ಎಂದರು.

"ನೋಡುವ" ಎಂದೆ. ನಮ್ಮೂರಿನಲ್ಲಿ ಆಗುವುದಿಲ್ಲ ಎನ್ನಲು ಬಾಯಿ ಬಾರದಾಗ ಆಡುವ ಮಾತು ಅದು.

ಮನೆಗೆ ಹಿಂದಿರುಗುವಾಗ ಬಸ್ಸು ನೇತ್ರಾವತಿಯ ಸೇತುವೆ ದಾಟುವವರೆಗೂ ಶಾರದಕ್ಕನ ಮಾತೇ ಕಿವಿಯಲ್ಲಿತ್ತು. ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಆದರೆ ಮಗಳು ಬಾಣಂತನಕ್ಕೂ ಬರುವುದಿಲ್ಲ ಎಂದರೆ ವಾರಿಜಾಳ ಜೊತೆ ಈ ಮನೆಯೂ ಮುಗಿಯಿತು ಎಂದೇ ಅರ್ಥ. ಆಮೇಲೆ ಅವಳು ಹಬ್ಬಕ್ಕೆ ಬಂದು ಊಟ ಮಾಡಿ ಹೋಗುವ ನೆಂಟಳು. ಆ ಯೋಚನೆಯಿಂದ ನನಗೆ ತುಂಬ ಬೇಸರವಾಯಿತು. ಎದೆಯಲ್ಲಿ ಏನೋ ಒತ್ತಿದಂತೆ ಎಂದು ಬರೆದರೆ ನನ್ನ ವಯಸ್ಸಿಗೆ ಡಾಕ್ಟರರ ಬಳಿ ಓಡಿಸುತ್ತಾರೆ, ಬೇಸರ ಎಂದರೆ ಸಾಕು.

ಗಿರಿಜಕ್ಕನಿಗೆ ಫೋನು ಮಾಡಿದೆ. ನಲವತ್ತು ದಿನ ನಮ್ಮಲ್ಲಿ ಬಂದು ನಿಲ್ಲಲು ಅವಳು ಒಪ್ಪಿದಳು. ಆದರೆ ಮೊದಲು ಕೋಣೆ ನೋಡಬೇಕು ಎಂದಳು. ನವೆಂಬರಿನ ಕೊನೆಯ ಶನಿವಾರ ಸಂಜೆ ಬಂದು ಉಳಿದಳು. ಭಾನುವಾರ ಬೆಳಿಗ್ಗೆ, ಮೂಡಣ ಗಾಳಿಯ ಹೊತ್ತಿಗೆ ಸರಿಯಾಗಿ, ದೇವರ ಮುಂದಿನ ಸಣ್ಣ ಹಣತೆ ಹಚ್ಚಿ ಕೈಯಲ್ಲಿ ಹಿಡಿದು ಕೋಣೆಗೆ ನಡೆದಳು. ನಾನು ಹಿಂದಿನಿಂದ ಹೋದೆ. ಇನ್ಸ್‌ಪೆಕ್ಟರು ಶಾಲೆಗೆ ಬಂದ ದಿನ ಹೆಡ್ಮಾಸ್ತರರು ನಡೆಯುತ್ತಿದ್ದ ಹಾಗೆ.

ಮೊದಲ ಕಿಟಕಿಯ ಬಳಿ ದೀಪ ಬಳುಕಿತು. ಎರಡನೆಯದರ ಬಳಿ ಮಲಗಿತು. ಬಾಗಿಲಿನ ಬಳಿ ತಂದಾಗ ಆರಿಯೇ ಹೋಯಿತು.

"ಇದು ಕೋಣೆಯಾ, ಪಡೀಲಿನ ಬಸ್‌ಸ್ಟ್ಯಾಂಡಾ ಮಾರಾಯ?" ಎಂದಳು. ಆಮೇಲೆ ಬಾಗಿಲಿನ ಅಂಚು ನೋಡಿದಳು. "ಯಾರು ಕೀಸಿದ್ದು?"

"ನಾನೇ."

ಹಣತೆಯನ್ನು ಕೆಳಗಿಟ್ಟು ಮಂಚದ ಮೇಲೆ ಕುಳಿತು ಮೆಲ್ಲಗೆ, "ಅವಳನ್ನು ತೊಕ್ಕೊಟ್ಟಿನಲ್ಲೇ ಇರ್ಲಿಕ್ಕೆ ಬಿಡು. ತಾಯಿ ಇಲ್ಲದ ಮನೆಗೆ ಬಾಣಂತಿಯನ್ನು ತಂದು ನೀನು ಎಂತ ಮಾಡ್ತಿ? ಬಾಗಿಲು ಹೀಗೆ ಉಂಟು. ನಾಳೆ ಮಗುವಿಗೆ ಶೀತ ಆದ್ರೆ ಹೇಳಿಸಿಕೊಳ್ಳುವವಳು ನಾನು" ಎಂದಳು.

ಹೇಗೋ ಒಂದು ವಾರದ ಅವಧಿ ಕೇಳಿಕೊಂಡೆ. ಮುಂದಿನ ಭಾನುವಾರ ಇನ್ನೊಮ್ಮೆ ದೀಪ ಹಿಡಿದು ನೋಡುವುದು, ಅಷ್ಟರಲ್ಲಿ ಸರಿಯಾಗದಿದ್ದರೆ ಶಾರದಕ್ಕನ ಅಲ್ಯೂಮಿನಿಯಂ ಕಿಟಕಿಯೇ ಗತಿ ಎಂದು ತೀರ್ಮಾನವಾಯಿತು. ಸುಮಾಳಿಗೆ ಫೋನಿನಲ್ಲಿ ಹೇಳಿದೆ. "ನೀವು ತಲೆಬಿಸಿ ಮಾಡ್ಬೇಡಿ ಅಪ್ಪ, ಇಲ್ಲಿ ಎಲ್ಲ ಉಂಟು" ಎಂದಳು. ಬೇಗ ಬೇಗ ಹೇಳಿದಳು. ಚಿಕ್ಕವಳಿರುವಾಗ ಜಾತ್ರೆಯ ಬಳೆ ಬೇಡ ಎನ್ನುವಾಗಲೂ ಹೀಗೇ ಬೇಗ ಬೇಗ ಹೇಳುತ್ತಿದ್ದಳು.

ಸೋಮವಾರ ನಾನು ಅಡಿಕೋಲು ಹಿಡಿದು ಎಲ್ಲ ಸಂದುಗಳನ್ನೂ ಅಳೆದೆ. ನೋಟುಪುಸ್ತಕದಲ್ಲಿ ಚಿತ್ರ ಬರೆದು, ಎಲ್ಲೆಲ್ಲಿ ಎಷ್ಟೆಷ್ಟು ಮಿಲಿಮೀಟರು ಎಂದು ಗುರುತು ಹಾಕಿದೆ. ಅಳತೆ ಸರಿಯಾಗಿತ್ತು, ಗಾಳಿ ಮಾತ್ರ ಮೊದಲಿನಂತೆಯೇ ಬರುತ್ತಿತ್ತು. ಹಾರ್ಡ್‌ವೇರ್ ಅಂಗಡಿಯವರು ಹಿಂದೆ ಅಂಟು ಇರುವ ಸ್ಪಂಜಿನ ಪಟ್ಟಿ ಕೊಟ್ಟರು. ಮಂಗಳವಾರ ಅಂಟಿಸಿದ್ದು ಬುಧವಾರ ಬೆಳಿಗ್ಗೆ ಕೋಣೆಯ ತುಂಬ ಹಾವಿನ ಪೊರೆಯಂತೆ ಬಿದ್ದಿತ್ತು. ಹಳೆಯ ಪೇಪರು ಮಡಚಿ ತುರುಕಿದೆ. ಗಾಳಿ ಬೀಸಿದಾಗ ಅದು ಪರಪರ ಎಂದು ಸದ್ದು ಮಾಡುತ್ತಿತ್ತು. ಮಲಗಿದ ಮಗು ಎದ್ದೀತು ಎಂದು ಹೆದರಿ ತೆಗೆದೆ. ಮಗು ಇನ್ನೂ ಹುಟ್ಟಿರಲಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಲೋಕಯ್ಯ ಆಚಾರಿಯವರನ್ನೇ ಕರೆದೆ. ಬಾಗಿಲನ್ನು ಹಾಕಿ ತೆಗೆದು ನನ್ನ ಮುಖ ನೋಡಿದರು.

"ಅಂಚಿಗೆ ಒಂದು ಪಟ್ಟಿ ಮರ ಕೂಡಿಸಿ ಕೊಡಿ ಆಚಾರ್ರೇ" ಎಂದೆ.

"ಈಗ ಕೂಡಿಸಿದ್ರೆ ಜೂನಲ್ಲಿ ಬಾಗಿಲು ಹಾಕ್ಲಿಕ್ಕೇ ಆಗುದಿಲ್ಲ. ಆಗ ನೀವು ಪುನಃ ಕೀಸುಳಿ ತೆಗೀತೀರಿ" ಎಂದರು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ಮರ ಬೇಡ. ಈ ವರ್ಷಕ್ಕೆ ಬಟ್ಟೆ ಹಾಕಿ. ಹೊಸದು ಆಗುದಿಲ್ಲ, ಒಗೆದು ಒಗೆದು ಮೆತ್ತಗಾದ ನೂಲಿನ ಬಟ್ಟೆ ಬೇಕು. ಮಡಚಿ ದಾರಂದದ ಒಳಬದಿಗೆ ಸಣ್ಣ ಮೊಳೆ ಹೊಡೀರಿ. ಕದ ಬಂದು ಅದರ ಮೇಲೆ ಕೂರ್ತದೆ, ಗಾಳಿ ನಿಲ್ತದೆ."

ನನ್ನ ಮನೆಯಲ್ಲಿ ಅಂಥ ಬಟ್ಟೆ ಎಲ್ಲಿದೆ? ನನ್ನ ಪಂಚೆಗಳೆಲ್ಲ ಪಾಲಿಯೆಸ್ಟರು ಸೇರಿದವು. ಹುಡುಕುತ್ತ ಹುಡುಕುತ್ತ ವಾರಿಜಾಳ ಕಪಾಟು ತೆರೆದೆ. ಮೂರು ವರ್ಷದಿಂದ ಅದನ್ನು ತೆರೆದದ್ದು ನುಸಿಗುಳಿಗೆ ಹಾಕಲು ಮಾತ್ರ. ಮೇಲಿನ ತಟ್ಟಿನಲ್ಲಿ ರೇಷ್ಮೆ, ನಡುವೆ ಮದುವೆ ಮುಂಜಿಗೆ ಉಡುವವು, ಕೆಳಗೆ ಮನೆಯಲ್ಲಿ ಉಡುತ್ತಿದ್ದ ಕೈಮಗ್ಗದ ನೂಲಿನ ಸೀರೆಗಳು. ಬಣ್ಣ ಮಾಸಿದ್ದವು, ಅಂಚು ಸವೆದಿದ್ದವು, ಕೈಗೆ ಬೆಣ್ಣೆಯಂತೆ ಮೆತ್ತಗಾಗಿದ್ದವು. ಎಣಿಸಿದೆ, ಹನ್ನೊಂದು. ಸ್ವಲ್ಪ ಹೊತ್ತು ಅವುಗಳ ಎದುರು ಕುಳಿತಿದ್ದೆ. ಆಮೇಲೆ ನನಗೆ ತುಂಬ ವಿವೇಕದ್ದು ಎಂದು ತೋರಿದ ಒಂದು ನಿರ್ಧಾರ ಮಾಡಿದೆ. ಒಳ್ಳೆಯ ಸೀರೆಗಳೆಲ್ಲ ಸುಮಾಳಿಗೆ ಇರಲಿ. ಯಾರಿಗೂ ಬೇಡವಾದ ಈ ಹಳತುಗಳು ಅವಳ ಕೋಣೆಯ ಚಳಿ ತಡೆಯಲಿ. ತಾಯಿಯ ಸೀರೆ ಮಗಳ ಬಾಗಿಲು ಕಾಯುವುದು ವಾರಿಜಾಳಿಗೂ ಒಪ್ಪಿಗೆಯಾದೀತು ಎಂದು ಅನ್ನಿಸಿ ಕಣ್ಣು ಒದ್ದೆಯಾಯಿತು. ಒದ್ದೆ ಕಣ್ಣಿನಲ್ಲೇ ಕತ್ತರಿ ಹುಡುಕಿದೆ.

ಎರಡು ದಿನ ಕುಳಿತು ಏಳು ಸೀರೆಗಳನ್ನು ಹರಿದೆ. ಅಡಿಕೋಲಿನ ಅಳತೆಯಲ್ಲಿ, ಎಲ್ಲ ಪಟ್ಟಿಗಳೂ ಒಂದೇ ಅಗಲ. ಮೂರು ಮಡಿಕೆ ಮಡಚಿ, ಎರಡು ಕಿಟಕಿಗೂ ಬಾಗಿಲಿಗೂ ಸುತ್ತ ಹೊಡೆದೆ. ವೆಂಟಿಲೇಟರಿಗೆ ಉಂಡೆ ಕಟ್ಟಿ ತುರುಕಿದೆ. ಶನಿವಾರ ಸಂಜೆ ಊದುಬತ್ತಿ ಹಚ್ಚಿ ನಾನೇ ಪರೀಕ್ಷೆ ಮಾಡಿದೆ. ಹೊಗೆ ನೆಟ್ಟಗೆ ಮೇಲೆ ಹೋಯಿತು.

ಭಾನುವಾರ ಬೆಳಿಗ್ಗೆ ಗಿರಿಜಕ್ಕ ಹಣತೆ ಹಿಡಿದು ನಡೆದಳು. ಮೊದಲ ಕಿಟಕಿ, ದೀಪ ಅಲುಗಲಿಲ್ಲ. ಎರಡನೆಯ ಕಿಟಕಿ, ಅಲುಗಲಿಲ್ಲ. ಬಾಗಿಲಿನ ಕೆಳಗೆ ಬಗ್ಗಿ ಹಿಡಿದಳು, ಅಲ್ಲೂ ಇಲ್ಲ. ನನಗೆ ಬೋರ್ಡಿನ ಮೇಲೆ ಲೆಕ್ಕ ಸರಿಬಂದಷ್ಟು ಸಂತೋಷವಾಯಿತು. "ಪರವಾಗಿಲ್ಲ, ಎಂತ ಹಾಕಿದ್ದು ನೀನು?" ಎಂದು ದೀಪವನ್ನು ಹತ್ತಿರ ತಂದು ನೋಡಿದವಳು ಹಾಗೆಯೇ ನಿಂತುಬಿಟ್ಟಳು.

"ಇದು ವಾರಿಜನ ನೀಲಿ ಚೌಕಳಿಯದ್ದಲ್ವಾ?"

"ಹೌದು. ಹಳತು ಮಾತ್ರ ಹರಿದದ್ದು. ಒಳ್ಳೆಯದನ್ನೆಲ್ಲ ಹಾಗೇ ಇಟ್ಟಿದ್ದೇನೆ."

"ಒಳ್ಳೆಯದು" ಎಂದು ನನ್ನ ಮಾತನ್ನೇ ತಿರುಗಿಸಿ ಹೇಳಿದಳು. ದೀಪವನ್ನು ಆರಿಸಿ ಕೆಳಗಿಟ್ಟಳು. "ನೀನು ಎಷ್ಟು ವರ್ಷ ಮಾಷ್ಟ್ರಾಗಿದ್ದಿ? ಹುಟ್ಟಿದ ಮಗುವಿಗೆ ಸುತ್ತುದು ಯಾವುದನ್ನು, ರೇಷ್ಮೆಯನ್ನಾ? ತೊಟ್ಟಿಲಿಗೆ ಹಾಸುದು ಯಾವುದನ್ನು? ಬಾಣಂತಿಯ ಸೊಂಟಕ್ಕೆ ಕಟ್ಟುದು ಯಾವುದನ್ನು? ತಾಯಿ ಉಟ್ಟು ಹಳತಾದ ಸೀರೆ. ಅದಕ್ಕೇ ಅಲ್ವಾ ಹೆಂಗಸರು ಹಳೇ ಸೀರೆಯನ್ನು ಪಾತ್ರೆಯವರಿಗೆ ಕೊಡದೆ ಇಟ್ಟುಕೊಳ್ಳುದು. ವಾರಿಜ ಮಗಳಿಗೆ ಅಂತ ಇಟ್ಟಿದ್ದನ್ನು ನೀನು ಕಿಟಕಿಗೆ ತುರುಕಿದ್ದೀ."

ಕಪಾಟಿನ ಕೆಳಗಿನ ತಟ್ಟು ಯಾರಿಗೂ ಬೇಡವಾದದ್ದಲ್ಲ, ಅದನ್ನು ವಾರಿಜಾ ಬೇಕೆಂದೇ ಕಟ್ಟಿಟ್ಟಿದ್ದಳು ಎಂದು ಆಗ ತಿಳಿಯಿತು. ಸುಮಾಳಿಗೆ ಮದುವೆಯಾಗುವ ಮೊದಲಿನಿಂದಲೇ ಇಟ್ಟಿರಬೇಕು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಅಲ್ಲಿ ನಿಂತು ಅತ್ತುಬಿಟ್ಟೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ನಾನು ತಿರುಗಿ ಬರುವಾಗ ಗಿರಿಜಕ್ಕ ಸ್ಟೂಲಿನ ಮೇಲೆ ನಿಂತು ಮೊಳೆ ಕೀಳುತ್ತಿದ್ದಳು. ಒಂದು ಪಟ್ಟಿ ಬಿಡಿಸಿ, ಕೊಡವಿ, ಕೈಯಲ್ಲಿ ಹಿಡಿದು ಅಗಲ ನೋಡಿದಳು. ಇನ್ನೊಂದನ್ನು ಅದರ ಮೇಲಿಟ್ಟು ನೋಡಿದಳು.

"ಎಲ್ಲ ಒಂದೇ ಅಳತೆ" ಎಂದಳು.

"ಅಡಿಕೋಲಿಟ್ಟು ಹರಿದದ್ದು" ಎಂದೆ.

"ಲಂಗೋಟಿಗೆ ಸರಿಯಾಗ್ತದೆ. ಉದ್ದ ಕತ್ತರಿಸಿದ್ರೆ ಆಯ್ತು." ಆಮೇಲೆ ಮೊಳೆಯ ತೂತಿನಲ್ಲಿ ಬೆರಳಿಟ್ಟು, "ತೂತು ಉಂಟು, ಅಡ್ಡಿಯಿಲ್ಲ. ಅಲ್ಲಿ ಸ್ವಲ್ಪ ಗಾಳಿ ಆಡಿದ್ರೆ ಮಗುವಿಗೆ ಒಳ್ಳೆಯದೇ" ಎಂದು ನಕ್ಕಳು. ಅವಳು ನಕ್ಕ ಮೇಲೆ ನಾನೂ ನಗಬಹುದು ಎಂದು ಧೈರ್ಯ ಬಂತು.

ಆ ಬೆಳಿಗ್ಗೆಯೇ ಅವಳು ಸುಮಾಳಿಗೆ ಫೋನು ಹಚ್ಚಿ ನನ್ನ ಪ್ರತಾಪವನ್ನು ಮೊದಲಿನಿಂದ ಕೊನೆಯವರೆಗೆ ವರದಿ ಮಾಡಿದಳು. ಆ ಕಡೆಯಿಂದ ಸುಮಾ ನಗುವುದು ನನಗೂ ಕೇಳಿಸುತ್ತಿತ್ತು. ನಗು ನಿಂತಿತು. ಗಿರಿಜಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

"ಅಪ್ಪ, ಅಮ್ಮನ ಸೀರೆ ಇನ್ನು ಎಷ್ಟು ಉಂಟು?"

"ಇಡಿಯದ್ದು ನಾಲ್ಕು ಉಂಟು."

"ಅದನ್ನು ಮುಟ್ಬೇಡಿ. ನಾನು ಬರ್ತೇನೆ."

"ಕಿಟಕಿ ಪುನಃ ತೆರೆದು ಹೋಯಿತಲ್ಲ ಮಗಾ."

"ಅದಕ್ಕೆ ಬೇರೆ ಎಂತಾದ್ರೂ ಹಾಕಿ" ಎಂದಳು. ಈ ಸಲ ಅವಳಿಗೆ ಅವಸರವಿರಲಿಲ್ಲ. "ನಾನು ಅಲ್ಲಿಗೇ ಬರುದು. ಅತ್ತೆಗೆ ನಾನೇ ಹೇಳ್ತೇನೆ."

ಬೇರೆ ಎಂತಾದರೂ ಎಂದರೆ, ನಮ್ಮ ಅಟ್ಟದಲ್ಲಿ ಅಳಿಯ ಮಸ್ಕತ್ತಿನಿಂದ ತಂದುಕೊಟ್ಟ ಕಂಬಳಿ ಇತ್ತು. ಗಲ್ಫಿನಲ್ಲಿ ಒಬ್ಬರಾದರೂ ಇರುವ ಮನೆಯವರಿಗೆ ಆ ಕಂಬಳಿಯ ಪರಿಚಯ ಹೇಳಬೇಕಾಗಿಲ್ಲ. ಜಿಪ್ಪಿನ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಒಬ್ಬರಿಂದ ಎತ್ತಲು ಸಾಧ್ಯವಿಲ್ಲ, ಮೈಯೆಲ್ಲ ಮೆತ್ತನೆಯ ರೋಮ, ನಡುವೆ ತೊಟ್ಟಿಲಿನಷ್ಟು ದೊಡ್ಡ ಗುಲಾಬಿ ಹೂವು. ಮಂಗಳೂರಿನಲ್ಲಿ ಅದನ್ನು ಹೊದ್ದರೆ ಬೆಳಗಾಗುವಷ್ಟರಲ್ಲಿ ಬೆಂದಿರುತ್ತೇವೆ. ಆದರೂ ಯಾರೂ ಬಿಸಾಡುವುದಿಲ್ಲ. ಲೋಕಯ್ಯ ಆಚಾರಿಯವರನ್ನು ಪುನಃ ಕರೆಸಿ ಅವರ ಎದುರೇ ಅದನ್ನು ಬಿಚ್ಚಿ ಹಾಸಿದೆ. "ಗಟ್ಟಿ ಉಂಟು, ಒಳ್ಳೆಯದಾಯ್ತು" ಎಂದು ಅವರೇ ಕತ್ತರಿಸಿ, ಅವರೇ ಹೊಡೆದರು. ಕತ್ತರಿ ಮುಟ್ಟಲು ನನ್ನನ್ನು ಬಿಡಲಿಲ್ಲ. ಒಂದು ಕಿಟಕಿಗೆ ಎಲೆ, ಒಂದಕ್ಕೆ ಮೊಗ್ಗು, ಬಾಗಿಲಿಗೆ ಹೂವಿನ ಎಸಳುಗಳು ಬಂದವು, ಮಿಕ್ಕ ಚೂರುಗಳು ವೆಂಟಿಲೇಟರಿಗೆ ಉಂಡೆಯಾದವು. ಗಿರಿಜಕ್ಕನ ದೀಪ ಮೂರನೆಯ ಸಲ ಸುತ್ತು ಬಂದು ಅಲುಗದೆ ಹೊರಬಂತು.

ಡಿಸೆಂಬರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ನಾಲ್ಕನೆಯ ದಿನ ಆಸ್ಪತ್ರೆಯಿಂದ ನೇರ ಕಾವೂರಿಗೆ ಬಂದರು. ಕೋಣೆಗೆ ಬೆಳಕು ಬೇಕು, ಹಗಲು ಸ್ವಲ್ಪ ಗಾಳಿ ಬೇಕು, ಒಳಗೆ ಕೆಂಡ ಹೊಗೆ ಏನೂ ಇಡಬಾರದು ಎಂದು ಡಾಕ್ಟರು ಸುಮಾಳಿಗೆ ಖಂಡಿತವಾಗಿ ಹೇಳಿ ಕಳಿಸಿದ್ದರು. ಗಿರಿಜಕ್ಕ ಒಂದು ದಿನ ಮುಖ ಊದಿಸಿಕೊಂಡಿದ್ದು ಒಪ್ಪಿದಳು. ವೆಂಟಿಲೇಟರಿನ ಉಂಡೆಗಳನ್ನು ತೆಗೆದೆವು. ಬಿಸಿಲು ಏರಿದ ಮೇಲೆ ಪಡುವಣದ ಕಿಟಕಿ ತೆರೆಯುವುದು, ಸಂಜೆ ಐದಕ್ಕೆ ಹಾಕುವುದು. ತೆರೆಯುವ ಹಾಕುವ ಕೆಲಸ ನನಗೆ ಸಿಕ್ಕಿತು. ಕೋಣೆಯ ಒಳಗೆ ಹೆಚ್ಚು ಹೊತ್ತು ನಿಲ್ಲಲು ನನಗೆ ಅಪ್ಪಣೆಯಿರಲಿಲ್ಲ. ತೆರೆಯುವಾಗ ಒಮ್ಮೆ, ಹಾಕುವಾಗ ಒಮ್ಮೆ, ಅಮ್ಮಮ್ಮನ ಸೀರೆಯೊಳಗೆ ಮಲಗಿದ ಮೊಮ್ಮಗಳ ಮುಖ ನೋಡುತ್ತಿದ್ದೆ. ಕಿಟಕಿ ಸ್ವಲ್ಪ ನಿಧಾನವಾಗಿಯೇ ಹಾಕುತ್ತಿದ್ದೆ.

ನಲವತ್ತು ದಿನ ಕಳೆದದ್ದು ತಿಳಿಯಲಿಲ್ಲ. ಗಿರಿಜಕ್ಕ ಪಡೀಲಿಗೆ ಹೊರಟಳು. ಫೆಬ್ರವರಿ ಬಂತು. ಮೂಡಣ ಗಾಳಿ ಎಂದೋ ನಿಂತಿತ್ತು, ಹತ್ತು ಗಂಟೆಗೇ ಅಂಗಳದ ಸಿಮೆಂಟು ಕಾಲು ಸುಡುತ್ತಿತ್ತು. ಅಂಥ ಒಂದು ಬೆಳಿಗ್ಗೆ ಹಾಲಿನಲ್ಲಿ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ಸುಮಾ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ನಾನು ಬನಿಯನ್ ಮೇಲಕ್ಕೆ ಮಡಚಿಕೊಂಡು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ತೊಕ್ಕೊಟ್ಟಿನಿಂದ ಶಾರದಕ್ಕನ ಫೋನು ಬಂತು. ಯಾವಾಗ ಕರೆದುಕೊಂಡು ಹೋಗಲು ಬರಲಿ ಎಂದು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಪೇಪರನ್ನು ಮಡಿಲಿನಲ್ಲಿಟ್ಟು ಕಾದೆ.

"ಇಲ್ಲ ಅತ್ತೆ, ಇಲ್ಲಿ ಬೆಳಿಗ್ಗೆ ಇನ್ನೂ ಚಳಿ ಉಂಟು. ಮಗುವನ್ನು ಹೊರಗೆ ತರ್ಲಿಕ್ಕೆ ಧೈರ್ಯ ಬರುದಿಲ್ಲ. ಇನ್ನೊಂದು ಹದಿನೈದು ದಿನ ಇಲ್ಲೇ ಇರ್ತೇನೆ" ಎಂದಳು ಸುಮಾ. ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದಳು. "ಫ್ಯಾನಾ? ಇಲ್ಲವಲ್ಲ ಅತ್ತೆ, ಫ್ಯಾನು ಯಾರು ಹಾಕ್ತಾರೆ ಈ ಚಳಿಗೆ" ಎಂದು ನನ್ನ ಮುಖ ನೋಡಿದಳು.

ನಾನು ಎದ್ದು ಹೋಗಿ ಫ್ಯಾನು ಆರಿಸಿದೆ. ಆಮೇಲೆ ಕಿಟಕಿಯನ್ನೂ ಹಾಕಿದೆ.